ಸಂಶೋಧನಾ ಬರಹದಲ್ಲಿ ಜಾಲಪುಟಗಳನ್ನು ಉಲ್ಲೇಖಿಸುವ ಕ್ರಮ

ಬೆಂಗಳೂರಿನ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸಂಪ್ರಬಂಧ ಅಥವಾ ಮಹಾಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಲ್ಲಿ ಕೆಲವು ಪ್ರತಿ ವರ್ಷವೂ ತಪ್ಪದೆ ಬರುತ್ತವೆ. ಪುಸ್ತಕವನ್ನು ಉಲ್ಲೇಖಿಸುವುದು ಗೊತ್ತಿದೆ, ಜಾಲಪುಟವನ್ನು ಉಲ್ಲೇಖಿಸುವುದು ಹೇಗೆ? ಬರೆದವರ ಹೆಸರು ಕಾಣದಿದ್ದರೆ ಏನು ಹಾಕಬೇಕು? ದಿನಾಂಕ ಇಲ್ಲದಿದ್ದರೆ? ಪ್ರಬಂಧ ಸಲ್ಲಿಸುವ ಹೊತ್ತಿಗೆ ಆ ಪುಟವೇ ಇಲ್ಲವಾಗಿದ್ದರೆ? ಈ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬಹಳ ಮಂದಿ ಅಡಿಟಿಪ್ಪಣಿಯಲ್ಲಿ ಪುಟದ ವಿಳಾಸವೊಂದನ್ನು ಅಂಟಿಸಿ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಇದು ಮನೆಯ ನಂಬರು, ಕ್ರಾಸು, ಮೇನು ಎಲ್ಲವನ್ನೂ ಸರಿಯಾಗಿ ಬರೆದುಕೊಟ್ಟು, ಅಲ್ಲಿ ಯಾರನ್ನು ಕೇಳಬೇಕೆಂಬುದನ್ನು ಹೇಳದೆ ಬಿಟ್ಟಂತೆ. ಬಾಡಿಗೆಗಿದ್ದವರು ಮನೆ ಬದಲಿಸಿದ ಮೇಲೆ ಆ ಚೀಟಿಯಿಂದ ಪ್ರಯೋಜನವಿಲ್ಲ. ಜಾಲಪುಟ ಬದಲಾಗುತ್ತದೆ, ಬೇರೆ ವಿಳಾಸಕ್ಕೆ ಹೋಗುತ್ತದೆ, ಅಳಿಸಿಹೋಗುತ್ತದೆ. ಆದ್ದರಿಂದ ನೀವು ಓದಿದ ದಿನ ಅದು ಹೇಗಿತ್ತು ಎಂಬುದನ್ನು ಓದಿದ ದಿನವೇ ದಾಖಲಿಸಿಕೊಳ್ಳಬೇಕು. ಕೆಳಗಿನ ಎಲ್ಲ ಹಂತಗಳೂ ಈ ಒಂದು ಮಾತನ್ನು ಆಧರಿಸಿವೆ.

ಮೊದಲಿಗೆ ಕೆಲವು ಪದಗಳು. ಜಾಲತಾಣ ಎಂದರೆ ಒಂದು ಸಂಸ್ಥೆಯ ಅಥವಾ ವ್ಯಕ್ತಿಯ ಪುಟಗಳ ಇಡೀ ಗುಂಪು; ಜಾಲಪುಟ ಎಂದರೆ ಅದರೊಳಗಿನ ಒಂದು ಪುಟ. ಯುಆರ್‌ಎಲ್ ಎಂದರೆ ಆ ಪುಟದ ಪೂರ್ಣ ವಿಳಾಸ. ಆಕರಸೂಚಿ ಎಂದರೆ ಪ್ರಬಂಧದ ಕೊನೆಯಲ್ಲಿ ಬರುವ ಪಟ್ಟಿ. ಪಠ್ಯದೊಳಗಿನ ಉಲ್ಲೇಖ ಎಂದರೆ ವಾಕ್ಯದ ಪಕ್ಕದಲ್ಲಿ ಆವರಣದೊಳಗೆ ಅಥವಾ ಅಡಿಟಿಪ್ಪಣಿಯಲ್ಲಿ ಬರುವ ಚುಟುಕು ಸೂಚನೆ. ಇವೆರಡೂ ಒಂದಕ್ಕೊಂದು ಹೊಂದಬೇಕು. ಇಲ್ಲಿ ಕೊಟ್ಟಿರುವ ಮಾದರಿಗಳಲ್ಲಿ ವಿಳಾಸ ಬರಬೇಕಾದ ಕಡೆ "ಪುಟದ ವಿಳಾಸ" ಎಂದಷ್ಟೇ ಬರೆದಿದ್ದೇನೆ.

ಆರಂಭಿಸುವ ಮುನ್ನ

ನಿಮ್ಮ ವಿಭಾಗ ಯಾವ ಉಲ್ಲೇಖ ಪದ್ಧತಿಯನ್ನು ಒಪ್ಪುತ್ತದೆ ಎಂಬುದನ್ನು ಮಾರ್ಗದರ್ಶಕರಿಂದ ಕೇಳಿ ತಿಳಿದುಕೊಳ್ಳಿ, ಸಾಧ್ಯವಾದರೆ ಲಿಖಿತ ಸೂಚನೆಯ ಪ್ರತಿಯನ್ನೇ ಪಡೆದುಕೊಳ್ಳಿ. ಸ್ಥೂಲವಾಗಿ ಹೇಳುವುದಾದರೆ ಸಮಾಜವಿಜ್ಞಾನ, ಶಿಕ್ಷಣ, ಮನಶ್ಶಾಸ್ತ್ರಗಳಲ್ಲಿ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್), ಭಾಷೆ ಮತ್ತು ಸಾಹಿತ್ಯದಲ್ಲಿ ಎಂಎಲ್ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್), ಚರಿತ್ರೆಯಲ್ಲಿ ಶಿಕಾಗೊ (ಶಿಕಾಗೊ ವಿಶ್ವವಿದ್ಯಾಲಯ ಮುದ್ರಣಾಲಯದ್ದು), ಎಂಜಿನಿಯರಿಂಗ್‌ನಲ್ಲಿ ಐಇಇಇ (ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘದ್ದು) ಪದ್ಧತಿಗಳು ಬಳಕೆಯಲ್ಲಿವೆ. ಎಪಿಎ ಈಗ ಏಳನೆಯ ಆವೃತ್ತಿಯಲ್ಲಿದೆ, ಎಂಎಲ್ಎಯ ಒಂಬತ್ತನೆಯ ಆವೃತ್ತಿ 2021ರಲ್ಲಿ ಬಂತು, ಶಿಕಾಗೊದ ಹದಿನೆಂಟನೆಯ ಆವೃತ್ತಿ 2024ರಲ್ಲಿ ಬಂತು. ಆವೃತ್ತಿಯನ್ನೂ ಕೇಳಿಕೊಳ್ಳಬೇಕು, ಏಕೆಂದರೆ ಜಾಲಪುಟಗಳ ನಿಯಮವೇ ಆವೃತ್ತಿಯಿಂದ ಆವೃತ್ತಿಗೆ ಹೆಚ್ಚು ಬದಲಾಗಿರುವುದು. ಹಿರಿಯ ವಿದ್ಯಾರ್ಥಿಗಳ ಹಳೆಯ ಪ್ರಬಂಧವನ್ನು ಮಾದರಿಯಾಗಿ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿ ಬಲವಾಗಿದೆ. ಅಧ್ಯಾಯಗಳ ವಿನ್ಯಾಸಕ್ಕೆ ಅದು ಸರಿ, ಜಾಲ ಉಲ್ಲೇಖಕ್ಕೆ ಅದನ್ನು ನಂಬಬೇಡಿ.

ಜೊತೆಗೆ ಒಂದು ನೋಟ್‌ಬುಕ್ಕೋ ಎಕ್ಸೆಲ್ ಹಾಳೆಯೋ ಬೇಕು. ಜೊಟೆರೊ ಎಂಬ ಉಚಿತ ತಂತ್ರಾಂಶ ಬಳಸಿದರೆ ಇನ್ನೂ ಅನುಕೂಲ. ಅದು ಬ್ರೌಸರಿನಲ್ಲಿ ಒಂದು ಗುಂಡಿ ಒತ್ತಿದರೆ ಪುಟದ ವಿವರಗಳನ್ನು ತಾನೇ ಎತ್ತಿಕೊಂಡು, ಪುಟದ ಒಂದು ನಕಲನ್ನೂ ನಿಮ್ಮ ಕಂಪ್ಯೂಟರಿನಲ್ಲಿ ಇರಿಸುತ್ತದೆ. ಆದರೆ ಅದು ಎತ್ತಿಕೊಂಡ ವಿವರಗಳನ್ನು ಕಣ್ಣಾರೆ ನೋಡದೆ ಒಪ್ಪಬಾರದು; ಕಾರಣ ಮುಂದೆ ಬರುತ್ತದೆ.

ಹಂತ 1: ನೀವು ಉಲ್ಲೇಖಿಸುತ್ತಿರುವುದು ನಿಜಕ್ಕೂ ಜಾಲಪುಟವೇ ಎಂದು ನೋಡಿ

ಕಂಪ್ಯೂಟರ್ ಪರದೆಯ ಮೇಲೆ ಓದಿದ್ದೆಲ್ಲ ಜಾಲಪುಟವಲ್ಲ. ಸಂಶೋಧನಾ ಪತ್ರಿಕೆಯ ಲೇಖನವನ್ನು ಪಿಡಿಎಫ್ ಆಗಿ ಓದಿದ್ದರೆ ಅದನ್ನು ಪತ್ರಿಕೆಯ ಲೇಖನವಾಗಿಯೇ ಉಲ್ಲೇಖಿಸಬೇಕು: ಸಂಪುಟ, ಸಂಚಿಕೆ, ಪುಟಸಂಖ್ಯೆ ಎಲ್ಲವೂ ಬರಬೇಕು. ಇಂಟರ್‌ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯದಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕದ ಸ್ಕ್ಯಾನ್ ಪ್ರತಿಯನ್ನು ಓದಿದ್ದರೆ ಅದು ಪುಸ್ತಕವೇ. ಪ್ರಕಾಶಕರು, ಮುದ್ರಣದ ವರ್ಷ ಬರೆದು, ಕೊನೆಯಲ್ಲಿ ಡಿಜಿಟಲ್ ಪ್ರತಿ ಎಲ್ಲಿ ಸಿಕ್ಕಿತೆಂಬುದನ್ನು ಸೇರಿಸಬೇಕು. ಅದನ್ನು ಅಲ್ಲಿಗೆ ಏರಿಸಿದ ವರ್ಷವನ್ನು ಪ್ರಕಟಣೆಯ ವರ್ಷವೆಂದು ಬರೆಯುವುದು ತೀರ ಸಾಮಾನ್ಯ ತಪ್ಪು. ಒಂದು ಶತಮಾನದ ಹಿಂದಿನ ಪುಸ್ತಕ ಇದರಿಂದಾಗಿ 2017ರ ಪುಸ್ತಕವಾಗಿಬಿಡುತ್ತದೆ.

ದಿನಪತ್ರಿಕೆಗಳಲ್ಲಿ ಇನ್ನೊಂದು ತೊಡಕಿದೆ. ಪತ್ರಿಕೆಯ ಜಾಲತಾಣದಲ್ಲಿ ರಾತ್ರಿ ಪ್ರಕಟವಾದ ಸುದ್ದಿ ಮಾರನೆಯ ದಿನದ ಮುದ್ರಿತ ಸಂಚಿಕೆಯಲ್ಲಿ ಬೇರೆ ಶೀರ್ಷಿಕೆಯೊಂದಿಗೆ, ಕೆಲವೊಮ್ಮೆ ಮೊಟಕಾಗಿ ಬಂದಿರುತ್ತದೆ. ನೀವು ಓದಿದ್ದು ಜಾಲತಾಣದಲ್ಲೋ ಇ-ಪೇಪರಿನಲ್ಲೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಇ-ಪೇಪರ್ ಎಂದರೆ ಮುದ್ರಿತ ಪುಟದ ಯಥಾವತ್ ಚಿತ್ರ. ಅದನ್ನು ಮುದ್ರಿತ ಪತ್ರಿಕೆಯಂತೆ, ಬೆಂಗಳೂರು ಆವೃತ್ತಿ, ದಿನಾಂಕ, ಪುಟಸಂಖ್ಯೆಗಳೊಂದಿಗೆ ಉಲ್ಲೇಖಿಸುವುದು ಮೇಲು. ಇ-ಪೇಪರಿನ ವಿಳಾಸಗಳು ಬಹುಕಾಲ ತೆರೆದಿರುತ್ತವೆಂಬ ಭರವಸೆಯಿಲ್ಲ, ಆದರೆ ಪುಟಸಂಖ್ಯೆ ಇದ್ದರೆ ಗ್ರಂಥಾಲಯದ ಹಳೆಯ ಸಂಚಿಕೆಗಳಲ್ಲಿ ಹುಡುಕಬಹುದು.

ಸರ್ಕಾರಿ ಆದೇಶಕ್ಕೆ ಅದರ ಸಂಖ್ಯೆ ಮತ್ತು ದಿನಾಂಕವೇ ಗುರುತು. ಇಲಾಖೆಯ ಹೆಸರು, ಆದೇಶ ಸಂಖ್ಯೆ, ಬೆಂಗಳೂರು, ದಿನಾಂಕ ಇಷ್ಟನ್ನು ಬರೆದರೆ, ಪಿಡಿಎಫ್ ಬೇರೆ ಕಡೆಗೆ ಹೋದರೂ ಆದೇಶ ಸಿಗುತ್ತದೆ.

ಇನ್ನು, ಮಾಹಿತಿಯ ಮೂಲಕ್ಕೆ ಹೋಗಿ. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96,21,551. ಈ ಅಂಕಿ ನೂರಾರು ಜಾಲತಾಣಗಳಲ್ಲಿ ಸಿಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಟಿಪ್ಪಣಿಗಳ ತಾಣವೊಂದನ್ನು ಇದಕ್ಕೆ ಆಕರವಾಗಿ ಕೊಟ್ಟರೆ ಅಂಕಿ ಸರಿಯಿದ್ದರೂ ಉಲ್ಲೇಖ ದುರ್ಬಲ. ಜನಗಣತಿ ಇಲಾಖೆಯ ಕೋಷ್ಟಕವನ್ನೇ ತೆರೆದು, ಕೋಷ್ಟಕದ ಹೆಸರು ಸಹಿತ ಉಲ್ಲೇಖಿಸಿ. ವಿಕಿಪೀಡಿಯಕ್ಕೂ ಇದೇ ಮಾತು: ಲೇಖನದ ಕೆಳಗಿರುವ ಆಕರಗಳನ್ನು ತೆರೆದು ಓದಿ, ಓದಿದ್ದನ್ನು ಉಲ್ಲೇಖಿಸಿ. ವಿಕಿಪೀಡಿಯ ಲೇಖನವೇ ನಿಮ್ಮ ಅಧ್ಯಯನದ ವಸ್ತುವಾಗಿದ್ದರೆ, ಅದರ ಇತಿಹಾಸ ಪುಟದಿಂದ ನೀವು ಓದಿದ ಆವೃತ್ತಿಯ ಕೊಂಡಿಯನ್ನೇ ತೆಗೆದುಕೊಳ್ಳಿ. ಪ್ರತಿಯೊಂದು ತಿದ್ದುಪಡಿಗೂ ಅಲ್ಲಿ ಪ್ರತ್ಯೇಕ ಸಂಖ್ಯೆಯಿದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಬರಹ ಆಕರಸೂಚಿಗೆ ಸೇರುವುದೇ ಇಲ್ಲ; ಓದುಗರು ಅದನ್ನು ತೆರೆದು ನೋಡಲಾರರು. ತೀರ ಅಗತ್ಯವಿದ್ದರೆ ಪಠ್ಯದೊಳಗೆ ವೈಯಕ್ತಿಕ ಸಂವಹನವೆಂದು ದಿನಾಂಕ ಸಹಿತ ಸೂಚಿಸಬಹುದು.

ಹಂತ 2: ವಿವರಗಳನ್ನು ಓದಿದ ದಿನವೇ ಬರೆದುಕೊಳ್ಳಿ

ಪ್ರತಿ ಪುಟಕ್ಕೂ ಬರೆದುಕೊಳ್ಳಬೇಕಾದವು ಇವು: ಬರೆದವರು, ಪುಟದ ಶೀರ್ಷಿಕೆ, ಜಾಲತಾಣದ ಹೆಸರು, ಪ್ರಕಟಿಸಿದ ಸಂಸ್ಥೆ, ಪ್ರಕಟಣೆಯ ದಿನಾಂಕ, ವಿಳಾಸ, ನೀವು ಓದಿದ ದಿನಾಂಕ. ಶೀರ್ಷಿಕೆ ಸುಲಭ, ಪುಟದ ಮೇಲಿರುವುದನ್ನು ಅಕ್ಷರಶಃ ಬರೆಯಿರಿ. ನಗರದ ಹೆಸರು ಇಂಗ್ಲಿಷಿನಲ್ಲಿ ಅಧಿಕೃತವಾಗಿ ಬೆಂಗಳೂರು ಎಂದಾದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಇಂಗ್ಲಿಷ್ ಪುಟದ ಶೀರ್ಷಿಕೆಯಲ್ಲಿ ಬ್ಯಾಂಗಲೋರ್ ಎಂದಿದ್ದರೆ ಅದನ್ನು ತಿದ್ದಬಾರದು.

ಬರೆದವರ ಹೆಸರು ಎಲ್ಲ ಪುಟಗಳಲ್ಲೂ ಇರುವುದಿಲ್ಲ. ವ್ಯಕ್ತಿಯ ಹೆಸರಿಲ್ಲದಿದ್ದರೆ ಸಂಸ್ಥೆಯೇ ಲೇಖಕ. "ಅಡ್ಮಿನ್", "ಆನ್‌ಲೈನ್ ಡೆಸ್ಕ್" ಎಂಬವು ಲೇಖಕರಲ್ಲ. ಜೊಟೆರೊ ಅವನ್ನು ಲೇಖಕರ ಜಾಗಕ್ಕೆ ತಂದು ಕೂರಿಸಿದರೆ ತೆಗೆದುಹಾಕಿ. ನಮ್ಮ ಹೆಸರುಗಳ ಸ್ವರೂಪದಿಂದ ಇನ್ನೊಂದು ಸಮಸ್ಯೆ ಹುಟ್ಟುತ್ತದೆ. ಪಾಶ್ಚಾತ್ಯ ಪದ್ಧತಿಗಳು ಹೆಸರಿನ ಕೊನೆಯ ಭಾಗ ಕುಲನಾಮವೆಂದು ಊಹಿಸಿ ಅದನ್ನು ಮುಂದಕ್ಕೆ ತರುತ್ತವೆ. ಎಂ. ವಿಶ್ವೇಶ್ವರಯ್ಯ ಎಂಬುದು "ವಿಶ್ವೇಶ್ವರಯ್ಯ, ಎಂ." ಎಂದಾದರೆ ತೊಂದರೆಯಿಲ್ಲ. ಆದರೆ ಮಂಜುನಾಥ ಆರ್. ಎಂಬಂತೆ ಇನಿಷಿಯಲ್ ಹಿಂದೆ ಬರುವ ಹೆಸರುಗಳಲ್ಲಿ ತಂತ್ರಾಂಶವು ಇನಿಷಿಯಲ್ಲನ್ನೇ ಕುಲನಾಮವೆಂದು ತಿಳಿದು "ಆರ್., ಮಂಜುನಾಥ" ಎಂದು ಬರೆದುಬಿಡುತ್ತದೆ, ಆಕರಸೂಚಿಯ ಅಕಾರಾದಿಯಲ್ಲಿ ಆ ಹೆಸರು ಮ ಅಕ್ಷರದ ಬದಲು ಆ ಅಕ್ಷರದ ಕೆಳಗೆ ಹೋಗಿ ಕೂರುತ್ತದೆ. ಇದನ್ನು ಕೈಯಿಂದಲೇ ಸರಿಪಡಿಸಬೇಕು.

ಸಂಸ್ಥೆಯ ಹೆಸರು ಬದಲಾದಾಗ ಯಾವುದನ್ನು ಬರೆಯಬೇಕು ಎಂಬ ಪ್ರಶ್ನೆ ಬೆಂಗಳೂರಿನ ಸಂಶೋಧಕರಿಗೆ ಈಗ ಹೆಚ್ಚಾಗಿಯೇ ಎದುರಾಗುತ್ತಿದೆ. 2007ರಲ್ಲಿ ರಚನೆಯಾದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಜಾಗಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳು ಬಂದವು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಕೆರೆ, ಕಸ, ಆಸ್ತಿ ತೆರಿಗೆಗಳ ಕುರಿತ ಬಿಬಿಎಂಪಿ ಪುಟವನ್ನು 2023ರಲ್ಲಿ ಓದಿ ಟಿಪ್ಪಣಿ ಮಾಡಿಕೊಂಡಿದ್ದವರು ಲೇಖಕರ ಜಾಗದಲ್ಲಿ ಬಿಬಿಎಂಪಿ ಎಂದೇ ಬರೆಯಬೇಕು. ಪುಟ ಪ್ರಕಟವಾದಾಗ ಅದರ ಹೊಣೆ ಹೊತ್ತಿದ್ದ ಸಂಸ್ಥೆ ಯಾವುದೋ ಅದರ ಹೆಸರೇ ಇರಬೇಕು. ಈಗಿನ ವಾರಸುದಾರ ಸಂಸ್ಥೆಯ ಹೆಸರನ್ನು ಬೇಕಿದ್ದರೆ ಅಡಿಟಿಪ್ಪಣಿಯಲ್ಲಿ ಒಮ್ಮೆ ವಿವರಿಸಿದರೆ ಸಾಕು.

ದಿನಾಂಕದ ವಿಷಯದಲ್ಲಿ ಮೂರು ಕಡೆ ಎಡವುತ್ತಾರೆ. ಪುಟದ ತಳದಲ್ಲಿ ಕಾಣುವ ಕೃತಿಸ್ವಾಮ್ಯದ ವರ್ಷ ಪ್ರಕಟಣೆಯ ವರ್ಷವಲ್ಲ; ಅದು ಇಡೀ ತಾಣಕ್ಕೆ ಸೇರಿದ್ದು, ಪ್ರತಿ ಜನವರಿಯಲ್ಲಿ ತಾನಾಗಿಯೇ ಮುಂದೆ ಹೋಗುತ್ತಿರಬಹುದು. ಸರ್ಕಾರಿ ತಾಣಗಳಲ್ಲಿ "ಕೊನೆಯದಾಗಿ ನವೀಕರಿಸಿದ್ದು" ಎಂದು ಕಾಣುವ ದಿನಾಂಕವೂ ಹಲವೆಡೆ ತಾಣದ್ದೇ ಹೊರತು ನೀವು ಓದುತ್ತಿರುವ ಪುಟದ್ದಲ್ಲ. ಮೂರನೆಯದು ಅಂಕಿಗಳ ಕ್ರಮ: 03/04/2021 ಎಂಬುದು ನಮಗೆ ಏಪ್ರಿಲ್ 3, ಅಮೆರಿಕದ ತಾಣದಲ್ಲಿ ಮಾರ್ಚ್ 4. ತಿಂಗಳನ್ನು ಯಾವಾಗಲೂ ಅಕ್ಷರದಲ್ಲಿ ಬರೆದುಕೊಂಡರೆ ಈ ಗೊಂದಲವೇ ಇರುವುದಿಲ್ಲ. ದಿನಾಂಕ ನಿಜವಾಗಿಯೂ ಇಲ್ಲದಿದ್ದರೆ ಊಹಿಸಬೇಡಿ, "ದಿನಾಂಕವಿಲ್ಲ" ಎಂದು ಪೂರ್ತಿಯಾಗಿ ಬರೆಯಿರಿ. "ದಿ." ಎಂದು ಚಿಕ್ಕದಾಗಿ ಬರೆದರೆ ಲೇಖಕರು ದಿವಂಗತರೆಂದು ಓದಿಕೊಳ್ಳುವ ಅಪಾಯವಿದೆ.

ಹಂತ 3: ಉಳಿಯುವಂಥ ವಿಳಾಸವನ್ನು ಆರಿಸಿಕೊಳ್ಳಿ

ಒಂದೇ ಬರಹಕ್ಕೆ ಹಲವು ವಿಳಾಸಗಳಿರಬಹುದು, ಎಲ್ಲದರ ಆಯುಷ್ಯವೂ ಒಂದೇ ಅಲ್ಲ. ಎಲ್ಲಕ್ಕಿಂತ ಗಟ್ಟಿಯಾದದ್ದು ಡಿಒಐ. ಇದು ಸಂಶೋಧನಾ ಲೇಖನಗಳಿಗೆ ಕೊಡುವ ಶಾಶ್ವತ ಗುರುತು ಸಂಖ್ಯೆ. ಯಾವಾಗಲೂ 10 ಎಂಬ ಅಂಕಿಯಿಂದ ಆರಂಭವಾಗುತ್ತದೆ, ಪ್ರಕಾಶಕರು ತಮ್ಮ ತಾಣವನ್ನು ಬದಲಿಸಿದರೂ ಡಿಒಐ ಮೂಲಕ ಹೋದವರು ಹೊಸ ಜಾಗಕ್ಕೇ ತಲುಪುತ್ತಾರೆ. ಡಿಒಐ ಇದ್ದರೆ ಬೇರೆ ವಿಳಾಸ ಬೇಡ. ಭಾರತದ ಮಹಾಪ್ರಬಂಧಗಳ ಭಂಡಾರವಾದ ಶೋಧಗಂಗಾದಲ್ಲಿ ಪ್ರತಿ ಪ್ರಬಂಧಕ್ಕೂ ಹ್ಯಾಂಡಲ್ ಎಂಬ ಇಂಥದೇ ಸ್ಥಿರ ಸಂಖ್ಯೆಯಿದೆ, ಅದು 10603ರಿಂದ ಆರಂಭವಾಗುತ್ತದೆ. ಅಲ್ಲಿನ ಒಂದೊಂದು ಅಧ್ಯಾಯದ ಪಿಡಿಎಫ್‌ನ ಉದ್ದನೆಯ ವಿಳಾಸವನ್ನು ಕೊಡುವ ಬದಲು ಪ್ರಬಂಧದ ಹ್ಯಾಂಡಲ್ ಕೊಟ್ಟು, ಪುಟಸಂಖ್ಯೆಯನ್ನು ಪಠ್ಯದೊಳಗೆ ಸೂಚಿಸಿ.

ಈ ಎರಡೂ ಇಲ್ಲದ ಸಾಮಾನ್ಯ ಪುಟಗಳಲ್ಲಿ ವಿಳಾಸವನ್ನು ಶುಚಿಗೊಳಿಸಬೇಕು. ಫೇಸ್‌ಬುಕ್ ಮೂಲಕವೋ ಸುದ್ದಿಪತ್ರದ ಮೂಲಕವೋ ಪುಟ ತೆರೆದಿದ್ದರೆ, ವಿಳಾಸದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಉದ್ದನೆಯ ಬಾಲವೊಂದು ಸೇರಿಕೊಂಡಿರುತ್ತದೆ. ಅದು ನೀವು ಎಲ್ಲಿಂದ ಬಂದಿರೆಂದು ಲೆಕ್ಕವಿಡಲು ಇರುವಂಥದ್ದು. ಪ್ರಶ್ನಾರ್ಥಕ ಚಿಹ್ನೆಯಿಂದ ಮುಂದಿನದನ್ನು ಅಳಿಸಿ ಎಂಟರ್ ಒತ್ತಿ. ಅದೇ ಪುಟ ತೆರೆದುಕೊಂಡರೆ ಚಿಕ್ಕ ವಿಳಾಸವನ್ನೇ ಬಳಸಿ. ತೆರೆದುಕೊಳ್ಳದಿದ್ದರೆ ಆ ಬಾಲದಲ್ಲೇ ಪುಟದ ಸಂಖ್ಯೆಯಿದೆ ಎಂದರ್ಥ, ಅದನ್ನು ಅಳಿಸದೆ ಹಾಗೆಯೇ ಇರಿಸಿಕೊಳ್ಳಿ. ಹುಡುಕಾಟದ ಫಲಿತಾಂಶದ ವಿಳಾಸ, ಚುಟುಕುಗೊಳಿಸಿದ ಕೊಂಡಿ, ಗ್ರಂಥಾಲಯದ ಲಾಗಿನ್ ಮೂಲಕ ಬರುವ ವಿಳಾಸ ಈ ಮೂರನ್ನೂ ಕೊಡಬಾರದು.

ಕನ್ನಡದಲ್ಲೇ ಇರುವ ವಿಳಾಸಗಳದ್ದು ಪ್ರತ್ಯೇಕ ಕತೆ. ಕನ್ನಡ ವಿಕಿಪೀಡಿಯದ "ಬೆಂಗಳೂರು" ಪುಟದ ವಿಳಾಸ ಬ್ರೌಸರಿನ ಪಟ್ಟಿಯಲ್ಲಿ ಅಂದವಾಗಿ ಕನ್ನಡದಲ್ಲೇ ಕಾಣುತ್ತದೆ, ಆದರೆ ನಕಲಿಸಿ ವರ್ಡ್ ಕಡತಕ್ಕೆ ಅಂಟಿಸಿದ ಕೂಡಲೇ ಶೇಕಡಾ ಚಿಹ್ನೆಗಳ ಸಾಲಾಗಿಬಿಡುತ್ತದೆ. ಕಾರಣ ಸರಳ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರವಾದ ಈ ಪದ ಯುನಿಕೋಡ್ ಲೆಕ್ಕದಲ್ಲಿ ಎಂಟು ಸಂಕೇತ, ಏಕೆಂದರೆ ವ್ಯಂಜನ, ಗುಣಿತದ ಚಿಹ್ನೆ, ಅನುಸ್ವಾರ ಪ್ರತಿಯೊಂದೂ ಬೇರೆ ಬೇರೆ. ಒಂದೊಂದು ಸಂಕೇತಕ್ಕೂ ಮೂರು ಬೈಟ್. ಒಂದೊಂದು ಬೈಟನ್ನೂ ವಿಳಾಸದಲ್ಲಿ ಶೇಕಡಾ ಚಿಹ್ನೆ ಸೇರಿ ಮೂರು ಚಿಹ್ನೆಗಳಲ್ಲಿ ಬರೆಯಲಾಗುತ್ತದೆ. ಹೀಗಾಗಿ ಆ ಒಂದು ಪದ 72 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಪುಟದ ಹೆಸರು ನಾಲ್ಕು ಪದವಿದ್ದರೆ ಆಕರಸೂಚಿಯ ಹಲವು ಸಾಲುಗಳೇ ಹೋದವು.

ಎರಡೂ ರೂಪಗಳು ಒಂದೇ ಪುಟಕ್ಕೆ ಹೋಗುತ್ತವೆ, ಆದ್ದರಿಂದ ಮುದ್ರಿತ ಪ್ರಬಂಧದಲ್ಲಿ ಓದಬಲ್ಲ ಕನ್ನಡ ರೂಪವನ್ನು ಕೊಡುವುದು ನನ್ನ ಸಲಹೆ. ಒಂದು ಎಚ್ಚರಿಕೆ ಮಾತ್ರ ಬೇಕು: ಕೆಲವು ಕನ್ನಡ ವಿಳಾಸಗಳಲ್ಲಿ, ಫೇಸ್‌ಬುಕ್ ಎಂಬಂಥ ಪದಗಳಲ್ಲಿ, ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಸಂಕೇತವೊಂದು ಅಡಗಿರುತ್ತದೆ. ಅಂಥ ವಿಳಾಸವನ್ನು ನೋಡಿಕೊಂಡು ಮತ್ತೆ ಟೈಪ್ ಮಾಡಿದರೆ ಆ ಸಂಕೇತ ಬಿಟ್ಟುಹೋಗಿ ಪುಟ ಸಿಗುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಕೊಡುವ ಸಾಫ್ಟ್ ಕಾಪಿಯಲ್ಲಿ ಕನ್ನಡ ರೂಪದ ಹಿಂದೆ ನಿಜವಾದ ಕೊಂಡಿಯನ್ನು ಜೋಡಿಸಿಡಿ.

ಹಂತ 4: ಪುಟದ ಪ್ರತಿಯೊಂದನ್ನು ಉಳಿಸಿ

ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ಹಾರ್ವರ್ಡ್ ಕಾನೂನು ಶಾಲೆಗೆ ಸೇರಿದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಉಲ್ಲೇಖಿಸಿದ ಜಾಲ ವಿಳಾಸಗಳಲ್ಲಿ ಸುಮಾರು ಅರ್ಧದಷ್ಟು, ಅವರು ಪರಿಶೀಲಿಸಿದ ಕಾನೂನು ಪತ್ರಿಕೆಗಳಲ್ಲಿ ಶೇ 70ಕ್ಕೂ ಹೆಚ್ಚು, ಮೊದಲಿಗೆ ಉದ್ದೇಶಿಸಿದ್ದ ಮಾಹಿತಿಯನ್ನು ತೋರಿಸುತ್ತಿರಲಿಲ್ಲ. ಕೊಂಡಿ ಸತ್ತುಹೋಗುವುದು ಒಂದು ಬಗೆ. ಕೊಂಡಿ ತೆರೆದರೂ ಒಳಗಿನ ಬರಹ ಬದಲಾಗಿರುವುದು ಇನ್ನೊಂದು ಬಗೆ, ಇದು ಹೆಚ್ಚು ಅಪಾಯಕಾರಿ, ಏಕೆಂದರೆ ನೀವು ಇಲ್ಲದ್ದನ್ನು ಉಲ್ಲೇಖಿಸಿದ್ದೀರೆಂದು ಪರೀಕ್ಷಕರು ತಿಳಿಯಬಹುದು. ನಮ್ಮ ಕಡೆಯೂ ತಾಣಗಳು ಮನೆ ಬದಲಿಸುತ್ತಲೇ ಇರುತ್ತವೆ. ಕಣಜ ಜ್ಞಾನಕೋಶ ಮೊದಲು ಸ್ವತಂತ್ರ ವಿಳಾಸದಲ್ಲಿದ್ದು, ನಂತರ ರಾಜ್ಯ ಸರ್ಕಾರದ ವಿಳಾಸದಡಿಗೆ ಬಂತು. ಹಳೆಯ ಪ್ರಬಂಧಗಳಲ್ಲಿ ಹಳೆಯ ವಿಳಾಸವೇ ಉಳಿದಿದೆ.

ಪರಿಹಾರ ಉಚಿತವಾಗಿದೆ. 1996ರಲ್ಲಿ ಆರಂಭವಾದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ, ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್ 2001ರಿಂದ ಎಲ್ಲರಿಗೂ ತೆರೆದಿದೆ. ಅದರ ಮುಖಪುಟದಲ್ಲಿ ಪುಟವನ್ನು ಈಗಲೇ ಉಳಿಸುವ ಪೆಟ್ಟಿಗೆಯಿದೆ. ನಿಮ್ಮ ಪುಟದ ವಿಳಾಸವನ್ನು ಅಲ್ಲಿ ಅಂಟಿಸಿ ಗುಂಡಿ ಒತ್ತಿದರೆ ಆ ಕ್ಷಣದ ಪ್ರತಿ ದಾಖಲಾಗಿ, ಹೊಸ ವಿಳಾಸವೊಂದು ಸಿಗುತ್ತದೆ. ಆ ವಿಳಾಸದ ನಡುವೆ 14 ಅಂಕಿಗಳಿರುತ್ತವೆ. ಉದಾಹರಣೆಗೆ 20240712193000 ಎಂದಿದ್ದರೆ ಮೊದಲ ನಾಲ್ಕು ವರ್ಷ, ಮುಂದಿನ ಎರಡು ತಿಂಗಳು, ಮುಂದಿನ ಎರಡು ದಿನ, ಉಳಿದ ಆರು ಗಂಟೆ, ನಿಮಿಷ, ಸೆಕೆಂಡು. ಈ ಗಡಿಯಾರ ಭಾರತದ್ದಲ್ಲ, ಜಾಗತಿಕ ಪ್ರಮಾಣ ಸಮಯದ್ದು. ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಬೇಕು. ಹಾಗಾಗಿ ಮೇಲಿನ ಪ್ರತಿ ಜುಲೈ 12ರ ರಾತ್ರಿ ಏಳೂವರೆಯದಾಗಿ ಕಂಡರೂ ಬೆಂಗಳೂರಿನಲ್ಲಿ ಆಗ ಜುಲೈ 13ರ ಬೆಳಗಿನ ಜಾವ ಒಂದು ಗಂಟೆ. ರಾತ್ರಿ ಕೂತು ಕೆಲಸ ಮಾಡುವವರ ಟಿಪ್ಪಣಿಯ ದಿನಾಂಕಕ್ಕೂ ಪ್ರತಿಯ ದಿನಾಂಕಕ್ಕೂ ಒಂದು ದಿನ ವ್ಯತ್ಯಾಸ ಬರುವುದು ಇದರಿಂದಲೇ, ಗಾಬರಿಯಾಗಬೇಕಿಲ್ಲ.

ಲಾಗಿನ್ ಬೇಕಾದ ಪುಟಗಳು, ಕೆಲವು ಸರ್ಕಾರಿ ತಾಣಗಳು, ಗುಂಡಿ ಒತ್ತಿದ ಮೇಲಷ್ಟೇ ತೆರೆದುಕೊಳ್ಳುವ ಕೋಷ್ಟಕಗಳು ಹೀಗೆ ಉಳಿಯುವುದಿಲ್ಲ. ಆದ್ದರಿಂದ ಉಳಿಸಿದ ಪ್ರತಿಯನ್ನು ಒಮ್ಮೆ ತೆರೆದು, ನಿಮಗೆ ಬೇಕಾದ ಸಾಲು ಅದರಲ್ಲಿದೆಯೇ ಎಂದು ನೋಡಿ. ಇಲ್ಲದಿದ್ದರೆ ಬ್ರೌಸರಿನ ಪ್ರಿಂಟ್ ಆಯ್ಕೆಯಿಂದ ಪಿಡಿಎಫ್ ಮಾಡಿ, ಕಡತದ ಹೆಸರಿನಲ್ಲೇ ದಿನಾಂಕ ಸೇರಿಸಿ ಇಟ್ಟುಕೊಳ್ಳಿ. ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ತೋರಿಸಲು ಬರುತ್ತದೆ.

ಹಂತ 5: ಪದ್ಧತಿಗೆ ತಕ್ಕಂತೆ ಜೋಡಿಸಿ

ವಿವರಗಳು ಕೈಯಲ್ಲಿದ್ದರೆ ಇದು ಬರೀ ಜೋಡಣೆಯ ಕೆಲಸ. ಬಿಬಿಎಂಪಿಯ ತಾಣದಲ್ಲಿ "ಕೆರೆಗಳು" ಎಂಬ ಶೀರ್ಷಿಕೆಯ, ದಿನಾಂಕವಿಲ್ಲದ ಪುಟವೊಂದನ್ನು ನೀವು 2024ರ ಜುಲೈ 12ರಂದು ಓದಿದಿರಿ ಎಂದಿಟ್ಟುಕೊಳ್ಳೋಣ.

ಎಪಿಎ:
ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ. (ದಿನಾಂಕವಿಲ್ಲ). ಕೆರೆಗಳು. 2024ರ ಜುಲೈ 12ರಂದು ನೋಡಿದ್ದು, ಪುಟದ ವಿಳಾಸ

ಎಂಎಲ್ಎ:
"ಕೆರೆಗಳು." ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಪುಟದ ವಿಳಾಸ. ನೋಡಿದ್ದು 12 ಜುಲೈ 2024.

ಶಿಕಾಗೊ ಅಡಿಟಿಪ್ಪಣಿ:
"ಕೆರೆಗಳು," ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, 2024ರ ಜುಲೈ 12ರಂದು ನೋಡಿದ್ದು, ಪುಟದ ವಿಳಾಸ.

ಎಪಿಎಯಲ್ಲಿ ಪುಟದ ಶೀರ್ಷಿಕೆ ಓರೆ ಅಕ್ಷರದಲ್ಲಿ ಬರುತ್ತದೆ, ವಿಳಾಸದ ನಂತರ ಪೂರ್ಣವಿರಾಮವಿಲ್ಲ. ಲೇಖಕ ಸಂಸ್ಥೆಯೂ ತಾಣದ ಹೆಸರೂ ಒಂದೇ ಆದರೆ ಎರಡು ಸಲ ಬರೆಯುವುದಿಲ್ಲ. ಎಂಎಲ್ಎಯಲ್ಲಿ ತಾಣದ ಹೆಸರು ಓರೆಯಾಗುತ್ತದೆ. ಐಇಇಇಯಲ್ಲಿ ಆಕರಗಳಿಗೆ ಪಠ್ಯದಲ್ಲಿ ಬಂದ ಕ್ರಮದಲ್ಲೇ ಚೌಕಾವರಣದ ಸಂಖ್ಯೆ ಕೊಡುತ್ತಾರೆ.

ನೋಡಿದ ದಿನಾಂಕದ ಬಗ್ಗೆ ಪದ್ಧತಿಗಳಲ್ಲಿ ಒಮ್ಮತವಿಲ್ಲ. ಎಪಿಎ ಅದನ್ನು ಬದಲಾಗುವ ಸ್ವಭಾವದ ಪುಟಗಳಿಗೆ ಮಾತ್ರ ಕೇಳುತ್ತದೆ, ಎಂಎಲ್ಎ ಐಚ್ಛಿಕವೆನ್ನುತ್ತದೆ, ಶಿಕಾಗೊ ಪ್ರಕಟಣೆಯ ದಿನಾಂಕ ಇಲ್ಲದಿದ್ದಾಗ ಕೇಳುತ್ತದೆ. ವಿಭಾಗ ಬೇಡವೆನ್ನದಿದ್ದರೆ ಎಲ್ಲ ಜಾಲಪುಟಗಳಿಗೂ ಕೊಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಪುಟ ಈಗಾಗಲೇ ಇಲ್ಲವಾಗಿದ್ದರೆ ಮೂಲ ವಿಳಾಸದ ಬದಲು ವೇಬ್ಯಾಕ್ ಪ್ರತಿಯ ವಿಳಾಸ ಕೊಡಿ.

ಕನ್ನಡದಲ್ಲಿ ಬರೆದ ಪ್ರಬಂಧಕ್ಕೆ ಇಂಗ್ಲಿಷ್ ಪುಟವನ್ನು ಉಲ್ಲೇಖಿಸುವಾಗ ಶೀರ್ಷಿಕೆಯನ್ನು ಇಂಗ್ಲಿಷ್ ಲಿಪಿಯಲ್ಲೇ ಇರಿಸಿ. ಕನ್ನಡ ಲಿಪಿಗೆ ತಿರುಗಿಸಿದರೆ ಯಾರೂ ಹುಡುಕಲಾರರು. ಕನ್ನಡ ಆಕರಗಳನ್ನು ಕನ್ನಡದ ಅಕಾರಾದಿಯಲ್ಲಿ, ಇಂಗ್ಲಿಷಿನವನ್ನು ಪ್ರತ್ಯೇಕವಾಗಿ ಜೋಡಿಸುವುದು ರೂಢಿ. ಆದರೆ "ಜಾಲತಾಣಗಳು" ಎಂಬ ಬೇರೆ ಶೀರ್ಷಿಕೆಯಡಿ ಬರೀ ವಿಳಾಸಗಳನ್ನು ಸುರಿಯುವ ಅಭ್ಯಾಸವನ್ನು ಕೈಬಿಡಲೇಬೇಕು. ಯಾವ ವಾಕ್ಯಕ್ಕೆ ಯಾವ ವಿಳಾಸವೆಂದು ತಿಳಿಯದ ಪಟ್ಟಿ ಉಲ್ಲೇಖವೇ ಅಲ್ಲ.

ಹಂತ 6: ಪಠ್ಯದೊಳಗೆ ಸೂಚಿಸಿ

ಮೇಲಿನ ಪುಟದಿಂದ ಮಾಹಿತಿ ಪಡೆದ ವಾಕ್ಯದ ಕೊನೆಯಲ್ಲಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ದಿನಾಂಕವಿಲ್ಲ) ಎಂದು ಬರೆದರೆ ಎಪಿಎಗೆ ಸಾಕು. ವಿಳಾಸ ಇಲ್ಲಿ ಬರಬಾರದು. ಜಾಲಪುಟಕ್ಕೆ ಪುಟಸಂಖ್ಯೆ ಇರುವುದಿಲ್ಲ. ಪ್ರಿಂಟ್ ತೆಗೆದಾಗ ಕಾಣುವ ಸಂಖ್ಯೆ ನಿಮ್ಮ ಪ್ರಿಂಟರಿನದು, ಅದನ್ನು ಕೊಡಬೇಡಿ. ನೇರ ಉದ್ಧರಣೆಯಾದರೆ ಉಪಶೀರ್ಷಿಕೆಯನ್ನೋ ಎಷ್ಟನೆಯ ಪ್ಯಾರಾ ಎಂಬುದನ್ನೋ ಸೂಚಿಸಿ. ವಿಡಿಯೊ ಆದರೆ ಮಾತು ಬರುವ ನಿಮಿಷ ಮತ್ತು ಸೆಕೆಂಡು.

ಉಲ್ಲೇಖ ಹೆಚ್ಚಾದರೆ ಕೃತಿಚೌರ್ಯ ತಪಾಸಣೆಯಲ್ಲಿ ಶೇಕಡಾವಾರು ಏರುತ್ತದೆಂಬ ಭಯ ವ್ಯಾಪಕವಾಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಶೇ 10ರಿಂದ 40ರವರೆಗಾದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ 40ರಿಂದ 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು. ಆದರೆ ಅದೇ ನಿಯಮಾವಳಿ ಸರಿಯಾಗಿ ಮೂಲ ಸೂಚಿಸಿದ ಉದ್ಧರಣೆಗಳನ್ನೂ ಆಕರಸೂಚಿಯನ್ನೂ ಲೆಕ್ಕದಿಂದ ಹೊರಗಿಟ್ಟಿದೆ. ಅಂದರೆ ಉದ್ಧರಣ ಚಿಹ್ನೆ ಮತ್ತು ಆಕರ ಎರಡೂ ಇದ್ದರೆ ಅದು ನಿಮ್ಮ ಪರವಾಗಿಯೇ ಇರುತ್ತದೆ. ಆಕರ ಹಾಕಿ, ಬೇರೆಯವರ ಮಾತುಗಳನ್ನು ಚಿಹ್ನೆಯಿಲ್ಲದೆ ಹಾಗೆಯೇ ಇಳಿಸಿದರೆ ಈ ರಕ್ಷಣೆ ಸಿಗದು.

ಚಾಟ್‌ಜಿಪಿಟಿಯಂಥ ಸಾಧನಗಳು ಕೊಟ್ಟ ಆಕರಗಳನ್ನು ತೆರೆದು ಓದದೆ ಸೇರಿಸಬೇಡಿ. ಅವು ಇಲ್ಲದ ಲೇಖನಕ್ಕೆ ಇರುವ ಲೇಖಕರ ಹೆಸರನ್ನೂ ನಿಜವೆಂದೇ ತೋರುವ ವಿಳಾಸವನ್ನೂ ಜೋಡಿಸಿ ಕೊಡುವುದುಂಟು.

ಹಂತ 7: ಡಿಟಿಪಿಗೆ ಕೊಡುವಾಗ ಎಚ್ಚರ

ಕನ್ನಡ ಪ್ರಬಂಧಗಳನ್ನು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸುವವರು ಇನ್ನೂ ಬಹಳ ಮಂದಿ ಇದ್ದಾರೆ. ವಿಳಾಸಗಳು ಕೆಡುವುದು ಹೆಚ್ಚಾಗಿ ಅಲ್ಲೇ. ಕೈಬರಹದ ಹಾಳೆಯಿಂದ ಟೈಪ್ ಮಾಡುವಾಗ ಇಂಗ್ಲಿಷಿನ ಎಲ್ ಅಕ್ಷರ 1 ಎಂಬ ಅಂಕಿಯಾಗುತ್ತದೆ, ಓ ಅಕ್ಷರ ಸೊನ್ನೆಯಾಗುತ್ತದೆ. ಪದಗಳ ನಡುವಿನ ಕೆಳಗೆರೆಯು (ಅಂಡರ್‌ಸ್ಕೋರ್) ಕೊಂಡಿಯ ಅಡಿಗೆರೆಯೊಳಗೆ ಮುಚ್ಚಿಹೋಗಿ ಖಾಲಿ ಜಾಗದಂತೆ ಕಾಣುತ್ತದೆ. ಹಳೆಯ ನುಡಿ ಫಾಂಟುಗಳಲ್ಲಿ ಕಡತ ಸಿದ್ಧವಾಗುತ್ತಿದ್ದರೆ ಇನ್ನೂ ಒಂದು ತೊಂದರೆ: ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಣುಕುಗಳನ್ನು ತೋರಿಸುವುದರಿಂದ, ವಿಳಾಸದ ಮೇಲೆ ಅದೇ ಫಾಂಟು ಬಿದ್ದರೆ ಇಡೀ ಸಾಲು ಅರ್ಥವಿಲ್ಲದ ಕನ್ನಡವಾಗಿ ಮುದ್ರಣವಾಗುತ್ತದೆ. ವಿಳಾಸಗಳನ್ನೆಲ್ಲ ಒಂದು ಸಾಫ್ಟ್ ಕಾಪಿಯಲ್ಲಿ ಕೊಟ್ಟು ಅಂಟಿಸಲು ಹೇಳಿ, ಆ ಭಾಗಕ್ಕೆ ಇಂಗ್ಲಿಷ್ ಫಾಂಟೇ ಇರಲಿ ಎಂದು ಸ್ಪಷ್ಟವಾಗಿ ಬರೆದುಕೊಡಿ. ಸಾಧ್ಯವಿದ್ದವರು ಇಡೀ ಪ್ರಬಂಧವನ್ನು ಯುನಿಕೋಡ್‌ನಲ್ಲೇ ಮಾಡಿಸಬೇಕು. ಸಾಲು ಮುರಿಯಬೇಕಾದಲ್ಲಿ ವಿಳಾಸದಲ್ಲಿರುವ ಓರೆಗೆರೆಯ ನಂತರ ಮುರಿಯಿರಿ. ಅಡ್ಡಗೆರೆ ಸೇರಿಸಿದರೆ ಅದೂ ವಿಳಾಸದ ಭಾಗವಾಗಿಬಿಡುತ್ತದೆ.

ಹಂತ 8: ಸಲ್ಲಿಸುವ ಮುನ್ನ ತೆರೆದು ನೋಡಿ

ಬೈಂಡಿಂಗ್‌ಗೆ ಕೊಡುವ ಮುನ್ನ ಅಂತಿಮ ಪಿಡಿಎಫ್‌ನಿಂದಲೇ ಪ್ರತಿಯೊಂದು ಕೊಂಡಿಯನ್ನು ಒತ್ತಿ ನೋಡಿ. ಇದನ್ನು ಕ್ಯಾಂಪಸ್ಸಿನ ವೈಫೈನಲ್ಲಿ ಮಾಡಬೇಡಿ, ಮೊಬೈಲ್ ಡೇಟಾದಲ್ಲಿ ಮಾಡಿ. ವಿಶ್ವವಿದ್ಯಾಲಯ ಚಂದಾ ಕಟ್ಟಿರುವ ಪತ್ರಿಕೆಗಳು ಕ್ಯಾಂಪಸ್ಸಿನೊಳಗೆ ಲಾಗಿನ್ ಕೇಳದೆ ತೆರೆದುಕೊಳ್ಳುತ್ತವೆ, ಹೊರಗಿನ ಪರೀಕ್ಷಕರಿಗೆ ಏನು ಕಾಣುತ್ತದೆಂಬುದು ನಿಮಗೆ ತಿಳಿಯುವುದಿಲ್ಲ. ಚಂದಾ ಕೇಳುವ ಪುಟ ಬಂದರೆ, ಲೇಖನದ ಹೆಸರು ಅಲ್ಲಿ ಕಾಣುತ್ತಿದ್ದಲ್ಲಿ ನಿಮ್ಮ ಉಲ್ಲೇಖ ಸರಿಯಾಗಿಯೇ ಇದೆ. ಪುಟ ಸಿಗಲಿಲ್ಲವೆಂಬ ಸೂಚನೆಯೋ ತಾಣದ ಮುಖಪುಟವೋ ಬಂದರೆ ಮಾತ್ರ ನಾಲ್ಕನೆಯ ಹಂತದಲ್ಲಿ ಉಳಿಸಿಟ್ಟ ಪ್ರತಿಯ ವಿಳಾಸವನ್ನು ಅಲ್ಲಿ ಹಾಕಿ, ನೋಡಿದ ದಿನಾಂಕವನ್ನು ಮೊದಲಿನದೇ ಉಳಿಸಿಕೊಳ್ಳಿ.